ಮನೆಯ ಗಣಕಯಂತ್ರಕ್ಕೆ ಯಜಮಾನ ಯಾರು?

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳುವಾಯಿ ಸಿಗುತ್ತದೆ. ಆ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸುತ್ತ ಅಡಿಕೆ ತೋಟ, ಹಂಚಿನ ಮಾಡು, ಚಾವಡಿಯ ಮೂಲೆಯಲ್ಲಿ ಮೇಜಿನ ಮೇಲೆ ಒಂದು ಗಣಕಯಂತ್ರ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮುನ್ನ ಮಗ ತಂದಿಟ್ಟು, ಎಲ್ಲವನ್ನೂ ಜೋಡಿಸಿ, ತಂದೆಗೆ ಒಂದು ಖಾತೆ ತೆರೆದುಕೊಟ್ಟು ಹೋದದ್ದು. ತಂದೆ ನಿವೃತ್ತ ಅಧ್ಯಾಪಕರು. ಈಚೆಗೆ ಯಂತ್ರ ನಿಧಾನವಾಗಿದೆ. ಬೇಡದ ನಾಲ್ಕಾರು ತಂತ್ರಾಂಶಗಳನ್ನು ತೆಗೆದುಹಾಕೋಣವೆಂದು ಅವರು ಕುಳಿತರು. ಪಟ್ಟಿ ತೆರೆದರು, ಒಂದು ಹೆಸರನ್ನು ಆರಿಸಿ ‘ಅನ್‌ಇನ್‌ಸ್ಟಾಲ್’ ಎಂಬಲ್ಲಿ ಒತ್ತಿದರು. ಪರದೆಯ ಮೇಲೆ ಉತ್ತರ ಬಂತು: ಇದನ್ನು ತೆಗೆಯಲು ನಿಮಗೆ ಸಾಕಷ್ಟು ಅಧಿಕಾರವಿಲ್ಲ, ನಿಮ್ಮ ವ್ಯವಸ್ಥೆಯ ಆಡಳಿತಗಾರರನ್ನು ಸಂಪರ್ಕಿಸಿ.

ಮೇಜು ಅವರದು, ಮನೆ ಅವರದು, ಕರೆಂಟಿನ ಬಿಲ್ಲು ಕಟ್ಟುವವರೂ ಅವರೇ. ಹಾಗಿದ್ದರೆ ಈ ಆಡಳಿತಗಾರ ಯಾರು? ಎಲ್ಲಿದ್ದಾನೆ? ನನ್ನದೇ ಮನೆಯಲ್ಲಿ ನನಗೆ ಬೇಡವಾದ ವಸ್ತುವನ್ನು ಹೊರಗೆ ಹಾಕಲು ನಾನು ಯಾರ ಅಪ್ಪಣೆ ಪಡೆಯಬೇಕು?

ಓದುಗರೇ, ನಿಮ್ಮಲ್ಲಿ ಅನೇಕರಿಗೆ ಈ ಅನುಭವ ಆಗಿರಬಹುದು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾಗದ ಈ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಗುಂಡಿ ಒತ್ತಬೇಕು ಎಂಬುದನ್ನು ಯಾರಾದರೂ ಹೇಳಿಯಾರು. ಆದರೆ ಈ ‘ಅಧಿಕಾರವಿಲ್ಲ’ ಎಂಬ ಮಾತು ಎಲ್ಲಿಂದ ಬಂತು ಎಂದು ತಿಳಿದರೆ, ಸಿಟ್ಟು ಇಳಿಯುತ್ತದೆ, ದಾರಿಯೂ ಕಾಣುತ್ತದೆ.

ಯಜಮಾನ ಬೇರೆ, ಒಡೆಯ ಬೇರೆ

ಯಜಮಾನಿಕೆ ಎಂಬ ಮಾತು ತುಳುನಾಡಿನವರಿಗೆ ಹೊಸದೇನಲ್ಲ. ಅಳಿಯಸಂತಾನ ಕಟ್ಟಿನ ಕೂಡುಕುಟುಂಬಗಳಲ್ಲಿ ಒಬ್ಬ ಯಜಮಾನ ಅಥವಾ ಯಜಮಾನ್ತಿ ಇರುತ್ತಿದ್ದರು. ಗೇಣಿ ವಸೂಲಿ, ತೀರ್ವೆ ಪಾವತಿ, ಮದುವೆ ಮುಂಜಿಗಳ ಖರ್ಚು, ದೈವದ ಕಾರ್ಯ ಎಲ್ಲವೂ ಅವರ ಕೈಯಲ್ಲಿ. ಆದರೆ ಆಸ್ತಿ ಅವರ ಸ್ವಂತದ್ದಲ್ಲ. ಅದು ಕುಟುಂಬದ್ದು. ಕುಟುಂಬದ ಅಗತ್ಯವಿಲ್ಲದೆ ಅದನ್ನು ಮನಸ್ಸಿಗೆ ಬಂದಂತೆ ಮಾರುವ ಹಕ್ಕು ಅವರಿಗೆ ಇರಲಿಲ್ಲ. ಇತ್ತ ಕುಟುಂಬದ ಒಬ್ಬ ಸದಸ್ಯ ‘ನನ್ನ ಪಾಲು ಕೊಡಿ’ ಎಂದರೂ ಸಿಗುತ್ತಿರಲಿಲ್ಲ. ಎಲ್ಲರೂ ಒಪ್ಪದೆ ಪಾಲು ಮಾಡುವಂತಿಲ್ಲವೆಂದು ಮದ್ರಾಸು ಹೈಕೋರ್ಟು 1863ರಲ್ಲಿ ತೀರ್ಪು ಕೊಟ್ಟಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆಯೇ ಪಾಲು ಕೇಳುವ ಹಕ್ಕಿಗೆ ಕಾನೂನಿನ ಬಲ ಸಿಕ್ಕಿತು.

ಆಡಳಿತ ನಡೆಸುವವನು ಒಬ್ಬ, ಒಡೆತನ ಇನ್ನೊಬ್ಬರದು, ಅನುಭೋಗ ಮತ್ತೊಬ್ಬರದು. ಈ ಮೂರನ್ನು ಬೇರೆ ಬೇರೆಯಾಗಿ ನೋಡುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಗಣಕಯಂತ್ರದ ಒಳಗೂ ಈ ಮೂರು ಬೇರೆ ಬೇರೆ. ‘ಅಡ್ಮಿನಿಸ್ಟ್ರೇಟರ್’ ಎಂದರೆ ಯಜಮಾನ; ‘ಓನರ್’ ಎಂದರೆ ಕಡತದ ಒಡೆಯ; ‘ಯೂಸರ್’ ಎಂದರೆ ಬಳಸುವವನು. ಯಂತ್ರವನ್ನು ಅಂಗಡಿಯಿಂದ ದುಡ್ಡು ಕೊಟ್ಟು ತಂದವರು ಯಾರೆಂಬುದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಖಾತೆಗಳು ಮಾತ್ರ. ಬೆಳುವಾಯಿಯ ಆ ಅಧ್ಯಾಪಕರ ಮನೆಯಲ್ಲಿ ಯಜಮಾನಿಕೆ ಮಗನ ಖಾತೆಯಲ್ಲಿದೆ. ಮಗ ಬೆಂಗಳೂರಿನಲ್ಲಿದ್ದಾನೆ.

ಬಾಗಿಲೇ ಇಲ್ಲದ ಮನೆ

ಈ ವ್ಯವಸ್ಥೆ ಹುಟ್ಟಿದ್ದು ಮನೆಗಳಲ್ಲಲ್ಲ. 1960ರ ದಶಕದಲ್ಲಿ ಒಂದು ಗಣಕಯಂತ್ರವೆಂದರೆ ಒಂದು ದೊಡ್ಡ ಕೋಣೆಯ ತುಂಬ ಹರಡಿದ ಯಂತ್ರ. ಅದನ್ನು ಹತ್ತಾರು ಮಂದಿ ಹಂಚಿಕೊಂಡು ಬಳಸಬೇಕಾಗಿತ್ತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಅಂಥ ಹಂಚಿಕೆಯ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಪ್ತಪದ ಬಂತು.

ಕಾವಲು ಬಂದ ಕೂಡಲೇ ಕಾವಲಿನ ಎಡವಟ್ಟೂ ಬಂತು. ಒಂದು ದಿನ ಆ ಯಂತ್ರದೊಳಗೆ ಪ್ರವೇಶಿಸಿದವರಿಗೆಲ್ಲ ಅಂದಿನ ಸೂಚನೆಯ ಬದಲಿಗೆ ಎಲ್ಲರ ಗುಪ್ತಪದಗಳ ಪಟ್ಟಿಯೇ ಕಾಣಿಸಿತು! ಸೂಚನೆಯ ಕಡತ ಮತ್ತು ಗುಪ್ತಪದಗಳ ಕಡತ ಎರಡನ್ನೂ ಒಂದೇ ಹೊತ್ತಿಗೆ ಇಬ್ಬರು ತಿದ್ದುತ್ತಿದ್ದಾಗ ಅವು ಅದಲುಬದಲಾಗಿದ್ದವು. ಕೊರ್ಬಾಟೊ ಅವರೇ ಮುಂದೆ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಈ ಪ್ರಸಂಗವನ್ನು ಹೇಳಿಕೊಂಡರು.

ಅದರ ನಂತರ ಬಂದ ‘ಮಲ್ಟಿಕ್ಸ್’ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಂದು ಪಟ್ಟಿ ಅಂಟಿಕೊಂಡಿರುತ್ತಿತ್ತು. ಯಾರು ಓದಬಹುದು, ಯಾರು ಬರೆಯಬಹುದು ಎಂಬ ಪಟ್ಟಿ ಅದು. 1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ‘ಯುನಿಕ್ಸ್’ ಇದನ್ನು ಸರಳಗೊಳಿಸಿತು. ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಎಂದು ಮೂರು ಬಗೆಯ ಅನುಮತಿ. ಇವರೆಲ್ಲರ ಮೇಲೆ ‘ರೂಟ್’ ಎಂಬ ಒಬ್ಬ ಸರ್ವಾಧಿಕಾರಿ. ಅವನಿಗೆ ಯಾವ ಬಾಗಿಲೂ ಅಡ್ಡವಿಲ್ಲ.

ಇಷ್ಟೆಲ್ಲ ಇದ್ದರೂ 1981ರ ಆಗಸ್ಟಿನಲ್ಲಿ ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗ ಅದರಲ್ಲಿ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ. ಒಬ್ಬನೇ ಕುಳಿತು ಬಳಸುವ ಯಂತ್ರಕ್ಕೆ ಕಾವಲು ಯಾಕೆ ಎಂಬುದು ಅಂದಿನ ವಿಚಾರ. ಅದರ ‘ಡಾಸ್’ ವ್ಯವಸ್ಥೆಗೆ ಬಳಕೆದಾರರೆಂಬ ಕಲ್ಪನೆಯೇ ಇರಲಿಲ್ಲ. ತಂತ್ರಾಂಶ ಬೇಡವೆಂದರೆ ಅದರ ಕಡತಗಳನ್ನು ಅಳಿಸಿದರಾಯಿತು. ಮೂರಕ್ಷರದ ಒಂದು ಆಜ್ಞೆ ಸಾಕು. ‘ಪ್ರವೇಶ ನಿರಾಕರಿಸಲಾಗಿದೆ’ ಎಂಬರ್ಥದ 5ನೆಯ ಸಂಖ್ಯೆಯ ದೋಷ ಡಾಸ್‌ನ 2ನೆಯ ಆವೃತ್ತಿಯ (1983) ಕಾಲಕ್ಕೇ ಇತ್ತು. ಆದರೆ ಆಗ ಅದು ‘ಈ ಕಡತವನ್ನು ಓದಲು ಮಾತ್ರ ಎಂದು ಗುರುತಿಸಲಾಗಿದೆ’ ಎಂಬಂಥ ಸಣ್ಣ ತಡೆ. ಗುರುತು ಅಳಿಸಿದರೆ ತಡೆಯೂ ಹೋಯಿತು. ಅದೇ 5ನೆಯ ಸಂಖ್ಯೆ ಇಂದಿಗೂ ವಿಂಡೋಸ್‌ನಲ್ಲಿ ಅದೇ ಅರ್ಥದಲ್ಲಿ ಉಳಿದುಬಂದಿದೆ. ಅದರ ಹಿಂದಿರುವ ಕಾವಲು ಮಾತ್ರ ಪೂರ್ತಿ ಬದಲಾಗಿದೆ.

ಬಾಡಿಗೆದಾರನ ಕೈಗೇ ಖಾಲಿ ಮಾಡುವ ಕೆಲಸ

ವಿಂಡೋಸ್ ಬಂದ ಮೇಲೆ ಅಳಿಸುವ ಕೆಲಸ ಅಷ್ಟು ಸುಲಭವಾಗಿ ಉಳಿಯಲಿಲ್ಲ. ಒಂದು ತಂತ್ರಾಂಶವನ್ನು ಹಾಕಿದರೆ ಅದರ ಕಡತಗಳು ಒಂದೇ ಕಡೆ ಕೂರುತ್ತಿರಲಿಲ್ಲ. ಕೆಲವು ತನ್ನದೇ ಕೋಶದಲ್ಲಿ, ಕೆಲವು ವಿಂಡೋಸ್‌ನ ಕೋಶದಲ್ಲಿ, ಇನ್ನು ಕೆಲವು ಬೇರೆ ತಂತ್ರಾಂಶಗಳ ಜತೆ ಹಂಚಿಕೊಂಡ ಕಡತಗಳು. ಒಂದನ್ನು ಅಳಿಸಿದರೆ ಇನ್ನೊಂದು ಕೆಡುತ್ತಿತ್ತು.

1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಇದಕ್ಕೊಂದು ಏರ್ಪಾಡು ಮಾಡಿತು. ‘ಆಡ್/ರಿಮೂವ್ ಪ್ರೋಗ್ರಾಮ್ಸ್’ ಎಂಬ ಪಟ್ಟಿ ಬಂತು. ವಿಂಡೋಸ್ 95ರ ಅಧಿಕೃತ ಮುದ್ರೆ ಬೇಕೆನ್ನುವ ತಂತ್ರಾಂಶವು ತನ್ನನ್ನು ತೆಗೆದುಹಾಕುವ ವ್ಯವಸ್ಥೆಯನ್ನೂ ಜತೆಗೆ ತರಬೇಕೆಂದು ಮೈಕ್ರೋಸಾಫ್ಟ್ ಕಟ್ಟಳೆ ಮಾಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಗಮನಿಸಬೇಕು. ಆ ಪಟ್ಟಿ ಕೇವಲ ಪಟ್ಟಿ. ಅದರಲ್ಲಿ ಒಂದು ಹೆಸರನ್ನು ಒತ್ತಿದಾಗ ವಿಂಡೋಸ್ ತಾನೇ ಹೋಗಿ ಕಡತಗಳನ್ನು ಆರಿಸಿ ತೆಗೆಯುವುದಿಲ್ಲ. ಆ ತಂತ್ರಾಂಶದವರು ಬರೆದಿಟ್ಟ ‘ತೆಗೆಯುವ ಕಾರ್ಯಕ್ರಮ’ವನ್ನು ಕರೆದು ಓಡಿಸುತ್ತದೆ, ಅಷ್ಟೆ. ಮನೆ ಖಾಲಿ ಮಾಡಿಸುವ ಕೆಲಸವನ್ನು ಬಾಡಿಗೆದಾರನಿಗೇ ವಹಿಸಿದ ಹಾಗೆ. ಬಾಡಿಗೆದಾರ ಸಂಭಾವಿತನಾದರೆ ಗುಡಿಸಿ ಸಾರಿಸಿ ಹೋಗುತ್ತಾನೆ. ಇಲ್ಲವಾದರೆ ಅರ್ಧ ಸಾಮಾನು ಬಿಟ್ಟು ಹೋಗುತ್ತಾನೆ. ಹೋಗುವ ದಾರಿಯ ಚೀಟಿಯನ್ನೇ ಕಳೆದುಕೊಂಡರೆ ಹೋಗುವುದೇ ಇಲ್ಲ. 1999ರಲ್ಲಿ ಆಫೀಸ್ 2000ರ ಜತೆ ಬಂದ ‘ವಿಂಡೋಸ್ ಇನ್‌ಸ್ಟಾಲರ್’ ಈ ಕೆಲಸಕ್ಕೆ ಒಂದು ಶಿಸ್ತು ತಂದಿತು. ಪ್ರತಿ ತಂತ್ರಾಂಶದ ವಿವರಗಳ ಒಂದು ಪ್ರತಿಯನ್ನು ವಿಂಡೋಸ್ ಕೋಶದೊಳಗೆ ಗುಪ್ತವಾಗಿ ಇಟ್ಟುಕೊಂಡು, ತೆಗೆಯುವಾಗ ಅದನ್ನು ನೋಡಿಕೊಂಡು ತೆಗೆಯುವ ಕ್ರಮ ಅದು. ಜಾಗ ಉಳಿಸುತ್ತೇವೆಂದು ಆ ಗುಪ್ತ ಕೋಶವನ್ನು ಬರಿದು ಮಾಡಿದವರು ಆಮೇಲೆ ಯಾವ ತಂತ್ರಾಂಶವನ್ನೂ ತೆಗೆಯಲಾಗದೆ ಒದ್ದಾಡಿದ್ದುಂಟು.

ವಿಂಡೋಸ್ 95ರಲ್ಲೂ ಗುಪ್ತಪದ ಕೇಳುವ ಕಿಟಕಿ ಬರುತ್ತಿತ್ತು. ‘ಕ್ಯಾನ್ಸಲ್’ ಒತ್ತಿದರೂ ಒಳಗೆ ಬಿಡುತ್ತಿತ್ತು! ಅದು ಕಾವಲಲ್ಲ, ಕಾವಲಿನ ಬೊಂಬೆ.

ಎರಡು ಮನೆತನ ಒಂದಾದದ್ದು

ಇತ್ತ ಮೈಕ್ರೋಸಾಫ್ಟ್‌ನಲ್ಲೇ ಇನ್ನೊಂದು ಮನೆತನ ಬೆಳೆಯುತ್ತಿತ್ತು. ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯಿಂದ 1988ರಲ್ಲಿ ಬಂದ ಡೇವ್ ಕಟ್ಲರ್ ಮುಂದಾಳುತನದಲ್ಲಿ ‘ವಿಂಡೋಸ್ ಎನ್.ಟಿ.’ ಸಿದ್ಧವಾಗಿ 1993ರ ಜುಲೈಯಲ್ಲಿ ಹೊರಬಂತು. ಅದು ಕಚೇರಿಗಳಿಗಾಗಿ ಮಾಡಿದ್ದು. ಅದರಲ್ಲಿ ಮಲ್ಟಿಕ್ಸ್‌ನ ಮಾದರಿಯಲ್ಲಿ ಪ್ರತಿ ಕಡತಕ್ಕೂ ಅನುಮತಿಯ ಪಟ್ಟಿ, ಪ್ರತಿ ಕಡತಕ್ಕೂ ಒಬ್ಬ ಒಡೆಯ. ‘ಬೇಡ’ ಎಂಬ ನಮೂದು ಇದ್ದರೆ ಅದು ‘ಆಗಬಹುದು’ ಎಂಬುದಕ್ಕಿಂತ ಮೇಲು. ಯಜಮಾನನಿಗೂ ಕೆಲವು ಕಡತಗಳಲ್ಲಿ ಪ್ರವೇಶವಿಲ್ಲದಿರಬಹುದು. ಆದರೆ ಬೇಕಾದರೆ ಆತ ಒಡೆತನವನ್ನು ತನ್ನ ಹೆಸರಿಗೆ ತೆಗೆದುಕೊಳ್ಳಬಹುದು. ಆರಂಭದ ಎನ್.ಟಿ.ಯ ಕಿಟಕಿಯಲ್ಲಿ ಒಡೆತನ ತೆಗೆದುಕೊಳ್ಳುವ ಗುಂಡಿ ಮಾತ್ರ ಇತ್ತು. ಅದನ್ನು ಮೊದಲಿನವರ ಹೆಸರಿಗೆ ಮತ್ತೆ ಬರೆದಿಡುವ ಗುಂಡಿ ಇರಲಿಲ್ಲ. ಅಂದರೆ ಯಜಮಾನ ಒಳಹೊಕ್ಕರೆ ಅವನ ಹೆಜ್ಜೆ ಗುರುತು ಉಳಿಯಬೇಕು ಎಂಬ ವಿಚಾರ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್.ಪಿ.ಯಲ್ಲಿ ಈ ಎರಡು ಮನೆತನಗಳು ಒಂದಾದವು. ಕಚೇರಿಯ ಬೀಗಗಳು ಮೊದಲ ಬಾರಿಗೆ ನಮ್ಮ ಚಾವಡಿಗೆ ಬಂದವು. ಆದರೆ ಬೀಗ ಬಂತೇ ಹೊರತು ಬೀಗ ಹಾಕುವ ಅಭ್ಯಾಸ ಬರಲಿಲ್ಲ. ಯಂತ್ರವನ್ನು ಮೊದಲು ಜೋಡಿಸುವಾಗ ತೆರೆದ ಖಾತೆಗಳೆಲ್ಲ ಯಜಮಾನನ ಖಾತೆಗಳೇ. ಮನೆಮಂದಿಯೆಲ್ಲ ಯಜಮಾನರು. ಅವರು ಓಡಿಸಿದ ಪ್ರತಿಯೊಂದು ತಂತ್ರಾಂಶಕ್ಕೂ ಯಜಮಾನನ ಬಲ. ಜಾಲದಿಂದ ನುಸುಳಿ ಬಂದ ಕೇಡಿನ ತಂತ್ರಾಂಶಕ್ಕೂ ಅದೇ ಬಲ. 2003ರ ‘ಬ್ಲಾಸ್ಟರ್’, 2004ರ ‘ಸ್ಯಾಸರ್’ ಹುಳುಗಳಂತೂ ವ್ಯವಸ್ಥೆಯ ತೂತುಗಳಿಂದಲೇ ನುಗ್ಗಿ ಲೋಕದ ಲೆಕ್ಕವಿಲ್ಲದಷ್ಟು ಯಂತ್ರಗಳನ್ನು ಮಲಗಿಸಿದವು. ಕಾವಲಿಲ್ಲದೆ ಇನ್ನು ಬಾಳಲಾಗದು ಎಂಬುದು ಎಲ್ಲರಿಗೂ ಮನದಟ್ಟಾಯಿತು.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಆ ಪಾಠದ ಫಲ. ಅಂದಿನಿಂದ ಯಜಮಾನನೇ ಒಳಗೆ ಬಂದರೂ ಅವನಿಗೆ ಎರಡು ಗುರುತುಚೀಟಿ. ಒಂದು ಸಾಮಾನ್ಯ ಬಳಕೆದಾರನದು, ಇನ್ನೊಂದು ಯಜಮಾನನದು. ದಿನದ ಕೆಲಸವೆಲ್ಲ ಮೊದಲನೆಯ ಚೀಟಿಯಿಂದ. ದೊಡ್ಡ ಕೆಲಸ ಬಂದಾಗ ಪರದೆ ಮಬ್ಬಾಗಿ, ‘ಇದು ಆಗಬಹುದೇ?’ ಎಂಬ ಪ್ರಶ್ನೆ ಬರುತ್ತದೆ. ‘ಹೌದು’ ಎಂದರೆ ಮಾತ್ರ ಎರಡನೆಯ ಚೀಟಿ ಹೊರಗೆ. ಸಾಮಾನ್ಯ ಬಳಕೆದಾರನಾದರೆ ‘ಹೌದು’ ಎಂದರೆ ಸಾಲದು, ಯಜಮಾನನ ಗುಪ್ತಪದವನ್ನೇ ಕೊಡಬೇಕು. ವಿಂಡೋಸ್‌ನ ಸ್ವಂತ ಕಡತಗಳ ಒಡೆತನವನ್ನಂತೂ ಯಜಮಾನನಿಗೂ ಬಿಡದೆ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಬೇರೊಂದು ಸೇವೆಗೆ ಒಪ್ಪಿಸಲಾಯಿತು.

ಜನ ಬೇಸತ್ತರು. ಮಾತುಮಾತಿಗೆ ಕೇಳುವ ಈ ಪ್ರಶ್ನೆಯನ್ನು ಎಷ್ಟೋ ಮಂದಿ ಮುಚ್ಚಿಯೇ ಇಟ್ಟರು. 2009ರ ವಿಂಡೋಸ್ 7ರಲ್ಲಿ ಪ್ರಶ್ನೆಯ ಕಾಟವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಏರಿಸಿ ಇಳಿಸುವ ಅನುಕೂಲ ಬಂತು. ವಿಂಡೋಸ್ 10 ಮತ್ತು 11ರಲ್ಲೂ ಇದೇ ಕ್ರಮ ಮುಂದುವರಿದಿದೆ.

ಮೂಡುಬಿದಿರೆಯ ಗರಿಗಳು

ಅನುಮತಿಯ ಈ ಕಥೆಗೆ ನಮ್ಮ ಊರ ಪಕ್ಕದಲ್ಲೇ ಒಂದು ಹಳೆಯ ಉದಾಹರಣೆ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಲಿಪಿ ಹಳಗನ್ನಡ, ಭಾಷೆ ಬಹುಪಾಲು ಪ್ರಾಕೃತ. ಯಾತ್ರಿಕರು ಬಂದು ದರ್ಶನ ಮಾಡಬಹುದಿತ್ತು, ಕೈ ಮುಗಿಯಬಹುದಿತ್ತು. ಪ್ರತಿ ಮಾಡಿಕೊಂಡು ಹೋಗುವಂತಿರಲಿಲ್ಲ. ಗಣಕಯಂತ್ರದ ಮಾತಿನಲ್ಲಿ ಹೇಳುವುದಾದರೆ ನೋಡುವ ಅನುಮತಿ ಇತ್ತು, ನಕಲಿನ ಅನುಮತಿ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು, ಹೊರಗಿನ ಶ್ರೀಮಂತ ಶ್ರಾವಕರ ಒತ್ತಾಯದ ಮೇಲೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಆ ಪ್ರತಿಗಳೂ ಊರು ಬಿಡಬಾರದೆಂಬುದು ನಿಬಂಧನೆ. ಆದರೆ ಗುಟ್ಟಾಗಿ ಮಾಡಿದ ಒಂದು ಪ್ರತಿ ಹೊರಗೆ ಹೋಯಿತು. ಅದರ ಪರಂಪರೆಯಿಂದ ಬಂದ ಪ್ರತಿಗಳ ಆಧಾರದ ಮೇಲೆ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಆಮೇಲೆ ಮೂಡುಬಿದಿರೆಯವರೂ ಮನಸ್ಸು ಮಾಡಿ ಮೂಲ ಗರಿಗಳೊಂದಿಗೆ ತಾಳೆ ನೋಡಲು ಒಪ್ಪಿಗೆ ಕೊಟ್ಟರು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡುವುದು ಸುಲಭವಲ್ಲ. ಕಾವಲಿದ್ದವರು ಬಿಗಿಯಾಗಿ ಕಾಯದಿದ್ದರೆ ಗರಿಗಳು ಅಷ್ಟು ಕಾಲ ಉಳಿಯುತ್ತಿರಲಿಲ್ಲ. ಅವರು ಕೊನೆಗೂ ಬಾಗಿಲು ತೆರೆಯದಿದ್ದರೆ ಗ್ರಂಥ ಶುದ್ಧವಾಗಿ ಲೋಕಕ್ಕೆ ಸಿಗುತ್ತಿರಲಿಲ್ಲ. ಕಾವಲಿನ ಕೆಲಸವೇ ಹೀಗೆ. ಬಾಗಿಲು ಮುಚ್ಚಲು ಗೊತ್ತಿರಬೇಕು, ತಕ್ಕವರಿಗೆ ತಕ್ಕ ಹೊತ್ತಿನಲ್ಲಿ ತೆರೆಯಲೂ ಗೊತ್ತಿರಬೇಕು.

ಯಾಕೆ ತೆಗೆಯಲಾಗುವುದಿಲ್ಲ?

ಈಗ ಬೆಳುವಾಯಿಯ ಮೇಜಿಗೆ ಹಿಂತಿರುಗೋಣ. ‘ಅಧಿಕಾರವಿಲ್ಲ’ ಎಂಬ ಒಂದೇ ಮಾತಿಗೆ ಕಾರಣಗಳು ಹಲವು. ಒಂದೊಂದಾಗಿ ನೋಡಬೇಕು.

ಮೊದಲನೆಯದಾಗಿ, ನೀವು ಬಳಸುತ್ತಿರುವ ಖಾತೆ ಯಾವುದು? ‘ಸೆಟ್ಟಿಂಗ್ಸ್’ನಲ್ಲಿ ‘ಅಕೌಂಟ್ಸ್’ ಎಂಬಲ್ಲಿಗೆ ಹೋಗಿ ನಿಮ್ಮ ವಿವರ ನೋಡಿ. ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಎಂದು ಇಲ್ಲದಿದ್ದರೆ ನೀವು ಸಾಮಾನ್ಯ ಬಳಕೆದಾರರು. ಆಗ ಯಜಮಾನನ ಗುಪ್ತಪದ ಬೇಕೇ ಬೇಕು. ಇದು ದೋಷವಲ್ಲ, ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಮಗನಿಗೆ ಒಂದು ಫೋನು ಮಾಡುವುದೇ ಪರಿಹಾರ.

ಎರಡನೆಯದು, ತಂತ್ರಾಂಶ ಇನ್ನೂ ಓಡುತ್ತಿರಬಹುದು. ಮನೆಯೊಳಗೆ ಮಲಗಿರುವವನನ್ನು ಎಬ್ಬಿಸದೆ ಮಂಚ ಹೊರಗೆ ಸಾಗಿಸಲಾಗದು. ಯಂತ್ರವನ್ನು ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಿ, ಬೇರೇನನ್ನೂ ತೆರೆಯದೆ ನೇರವಾಗಿ ತೆಗೆಯಲು ಪ್ರಯತ್ನಿಸಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ವೈರಸ್ ತಡೆಯುವ ತಂತ್ರಾಂಶಗಳಂತೂ ತಮ್ಮನ್ನು ಯಾರೂ ಕಿತ್ತುಹಾಕದಂತೆ ತಾವೇ ಕಾವಲು ಹಾಕಿಕೊಂಡಿರುತ್ತವೆ. ಮೊದಲು ಅದರ ಒಳಗೇ ಹೋಗಿ ಆ ಕಾವಲನ್ನು ನಿಲ್ಲಿಸಬೇಕು, ಅಥವಾ ಆ ಕಂಪನಿ ಕೊಡುವ ತೆಗೆಯುವ ಸಾಧನವನ್ನು ಬಳಸಬೇಕು.

ಮೂರನೆಯದು, ಹಳೆಯ ತಂತ್ರಾಂಶದ ಸಮಸ್ಯೆ. ವಿಸ್ಟಾಕ್ಕಿಂತ ಹಿಂದಿನ ಕಾರ್ಯಕ್ರಮಗಳಿಗೆ ಯಜಮಾನನ ಬಲವನ್ನು ಕೇಳಿ ಪಡೆಯಬೇಕೆಂಬುದೇ ಗೊತ್ತಿಲ್ಲ. ಅವುಗಳ ಕಾಲದಲ್ಲಿ ಎಲ್ಲರೂ ಯಜಮಾನರು. ವಿಂಡೋಸ್ ಅವುಗಳ ಹೆಸರು ಮತ್ತಿತರ ಸುಳಿವುಗಳನ್ನು ನೋಡಿ, ಇದು ಹಾಕುವ ಅಥವಾ ತೆಗೆಯುವ ಕಾರ್ಯಕ್ರಮವಿರಬೇಕು ಎಂದು ಊಹಿಸಿ ಪ್ರಶ್ನೆ ಕೇಳುತ್ತದೆ. ಊಹೆ ತಪ್ಪಿದರೆ ಪ್ರಶ್ನೆಯೇ ಬರುವುದಿಲ್ಲ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಂಥಲ್ಲಿ ಆ ತಂತ್ರಾಂಶದ ಕೋಶಕ್ಕೆ ಹೋಗಿ, ತೆಗೆಯುವ ಕಾರ್ಯಕ್ರಮದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂಬುದನ್ನು ಆರಿಸಬೇಕು.

ನಾಲ್ಕನೆಯದು, ಒಡೆತನದ ಗೊಂದಲ. ವಿಂಡೋಸ್ ಖಾತೆಯನ್ನು ಹೆಸರಿನಿಂದ ಗುರುತಿಸುವುದಿಲ್ಲ, ಒಂದು ಉದ್ದನೆಯ ಸಂಖ್ಯೆಯಿಂದ ಗುರುತಿಸುತ್ತದೆ. ಪಹಣಿಯಲ್ಲಿ ಜಾಗದ ಹೆಸರಿಗಿಂತ ಸರ್ವೆ ನಂಬರು ಮುಖ್ಯವಲ್ಲವೇ, ಹಾಗೆ. ಯಂತ್ರ ಕೆಟ್ಟು ವಿಂಡೋಸ್ ಹೊಸದಾಗಿ ಹಾಕಿಸಿದಾಗ ಹಿಂದಿನ ಹೆಸರಿನಲ್ಲೇ ಖಾತೆ ತೆರೆದರೂ ಸಂಖ್ಯೆ ಹೊಸದು. ಹಳೆಯ ಡಿಸ್ಕಿನ ಕೋಶಗಳು ಹಳೆಯ ಸಂಖ್ಯೆಯ ಒಡೆತನದಲ್ಲೇ ಉಳಿಯುತ್ತವೆ. ‘ನನ್ನ ಕಡತವೇ ನನಗೆ ಸಿಗುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಆ ಕೋಶದ ‘ಪ್ರಾಪರ್ಟೀಸ್’ನಲ್ಲಿ ‘ಸೆಕ್ಯೂರಿಟಿ’ ಎಂಬಲ್ಲಿಗೆ ಹೋಗಿ ಯಜಮಾನನು ಒಡೆತನವನ್ನು ವರ್ಗಾಯಿಸಿಕೊಳ್ಳಬಹುದು. ಆದರೆ ನಿಮ್ಮ ಸ್ವಂತ ಕೋಶಗಳಿಗೆ ಮಾತ್ರ ಹೀಗೆ ಮಾಡಿ. ವಿಂಡೋಸ್ ಕೋಶದ ಒಡೆತನಕ್ಕೆ ಕೈ ಹಾಕಬೇಡಿ.

ಐದನೆಯದು, ಹೋಗುವ ದಾರಿಯ ಚೀಟಿ ಕಳೆದಿರುವುದು. ತೆಗೆಯುವ ಕಾರ್ಯಕ್ರಮವೇ ಅಳಿದಿದ್ದರೆ ಅದೇ ತಂತ್ರಾಂಶವನ್ನು, ಸಾಧ್ಯವಾದರೆ ಅದೇ ಆವೃತ್ತಿಯನ್ನು, ಮತ್ತೊಮ್ಮೆ ಹಾಕಿ ಆಮೇಲೆ ತೆಗೆಯಬೇಕು. ವಿಚಿತ್ರವೆನಿಸಿದರೂ ಇದು ಫಲ ಕೊಡುವ ಉಪಾಯ. ತಂತ್ರಾಂಶಗಳನ್ನು ಹಾಕುವ ಮತ್ತು ತೆಗೆಯುವ ತೊಡಕುಗಳನ್ನು ಸರಿಪಡಿಸಲು ಮೈಕ್ರೋಸಾಫ್ಟ್‌ನದೇ ಒಂದು ಉಚಿತ ಸಾಧನವೂ ಇದೆ. ‘ಸೇಫ್ ಮೋಡ್’ನಲ್ಲಿ ಪ್ರಯತ್ನಿಸಿ ಎಂದು ಕೆಲವರು ಹೇಳುತ್ತಾರೆ. ಆದರೆ ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಸಾಮಾನ್ಯವಾಗಿ ಓಡುವುದಿಲ್ಲವಾದ್ದರಿಂದ ಎಲ್ಲ ತಂತ್ರಾಂಶಗಳಿಗೂ ಆ ಸಲಹೆ ಹೊಂದುವುದಿಲ್ಲ.

ತೆಗೆಯುವ ಮುನ್ನ ಒಂದು ಮಾತು

ಕನ್ನಡಿಗರು ವಿಶೇಷವಾಗಿ ನೆನಪಿಡಬೇಕಾದ ವಿಷಯವೊಂದಿದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಮ್ಮ ಜಿಲ್ಲೆಯವರೇ ಆದ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಕನ್ನಡದ ಬೆರಳಚ್ಚಿಗೆ ತಳಹದಿಯಾಯಿತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಥ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತಗಳು ಆಯಾ ಅಕ್ಷರಶೈಲಿಯನ್ನೇ ನಂಬಿಕೊಂಡಿದ್ದವು. ಆ ಫಾಂಟುಗಳು ಕೂರುತ್ತಿದ್ದುದು ವಿಂಡೋಸ್‌ನ ಫಾಂಟುಗಳ ಕೋಶದಲ್ಲಿ. ಅಲ್ಲಿ ಹಾಕಲೂ ತೆಗೆಯಲೂ ಯಜಮಾನನ ಅಧಿಕಾರ ಬೇಕಿತ್ತು.

ಬೇಡದ್ದೆಂದು ಹಳೆಯ ಕನ್ನಡ ತಂತ್ರಾಂಶವನ್ನು ಫಾಂಟುಗಳ ಸಮೇತ ತೆಗೆದುಹಾಕಿದರೆ ಏನಾಗುತ್ತದೆ? ಇಪ್ಪತ್ತು ವರ್ಷದ ಹಿಂದೆ ಟೈಪು ಮಾಡಿಟ್ಟ ಕುಟುಂಬದ ವಂಶಾವಳಿ, ಭಜನಾ ಮಂಡಳಿಯ ಲೆಕ್ಕ, ನೇಮದ ಆಮಂತ್ರಣ, ಅಜ್ಜಿ ಹೇಳಿ ಬರೆಸಿದ ಪಾಡ್ದನ ಎಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಅಳಿದಿಲ್ಲ, ಓದುವ ಕಣ್ಣು ಹೋಯಿತು. ಬಸದಿಯ ಗರಿಗಳೂ ಒಂದು ಕಾಲದಲ್ಲಿ ಹಾಗೆಯೇ ಇದ್ದವು. ಗರಿ ಇತ್ತು, ಆ ಲಿಪಿಯನ್ನೂ ಭಾಷೆಯನ್ನೂ ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಆದ್ದರಿಂದ ಮೊದಲು ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ. ಒಂದು ಪ್ರತಿ ಬೇರೆ ಕಡೆ ಇಡಿ. ಆಮೇಲೆ ತೆಗೆಯಿರಿ.

ಕೀಲಿಕೈ ಯಾರ ಸೊಂಟದಲ್ಲಿ?

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮನೆಯಲ್ಲಿ ಹಿರಿಯರು ಮಾತ್ರ ಇದ್ದಾರೆ, ಯಂತ್ರ ಹಟ ಮಾಡುತ್ತಿದೆ ಎಂಬ ಹೊತ್ತಿಗೆ ಸರಿಯಾಗಿ ಒಂದು ಫೋನು ಬರಬಹುದು. ‘ನಾವು ಕಂಪ್ಯೂಟರ್ ಕಂಪನಿಯವರು, ನಿಮ್ಮ ಯಂತ್ರದಲ್ಲಿ ದೋಷವಿದೆ, ನಾವು ಹೇಳಿದ ತಂತ್ರಾಂಶ ಹಾಕಿ, ಹೌದು ಎಂದು ಒತ್ತಿ’ ಎನ್ನುತ್ತಾರೆ. ಹಾಗೆ ಒತ್ತಿದರೆ ನಿಮ್ಮ ಯಂತ್ರ ದೂರದಲ್ಲಿ ಕುಳಿತ ವಂಚಕನ ಕೈಗೆ ಹೋಯಿತು. ಅವನು ಹಾಕಿದ್ದನ್ನು ತೆಗೆಯಲು ಆಗ ನಿಮಗೆ ಅಧಿಕಾರವಿಲ್ಲದಂತೆಯೂ ಮಾಡಿಯಾನು. ಬ್ಯಾಂಕಿನ ಖಾತೆಗೂ ಕೈ ಹಾಕಿಯಾನು. ಸಾಮಾನ್ಯ ಬಳಕೆದಾರನ ಖಾತೆಯಲ್ಲಿ ಕುಳಿತ ಆ ಅಧ್ಯಾಪಕರನ್ನು ಕಾಪಾಡುವುದು ಅವರಿಗೆ ಸಿಟ್ಟು ತರಿಸಿದ ಅದೇ ‘ಅಧಿಕಾರವಿಲ್ಲ’ ಎಂಬ ಮಾತು. ಹಾಗೆಂದು ಅದನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ದೂರದಿಂದ ನಡೆಸುವ ಕೆಲವು ತಂತ್ರಾಂಶಗಳು ಯಜಮಾನನ ಅನುಮತಿ ಇಲ್ಲದೆಯೂ ಓಡುತ್ತವೆ. ತಾನಾಗಿ ಬಂದ ಕರೆಗೆ ಯಾವ ಗುಂಡಿಯನ್ನೂ ಒತ್ತದಿರುವುದೇ ದೊಡ್ಡ ಬೀಗ. ಅಂಥ ಮೋಸಕ್ಕೆ ಸಿಕ್ಕಿದ್ದರೆ ಕೂಡಲೇ ಜಾಲದ ಸಂಪರ್ಕ ಕಡಿದು, ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಆದ್ದರಿಂದ ಮನೆಯಲ್ಲಿ ಒಂದು ಕ್ರಮ ಮಾಡಿಕೊಳ್ಳಿ. ದಿನನಿತ್ಯದ ಬಳಕೆಗೆ ಎಲ್ಲರಿಗೂ ಸಾಮಾನ್ಯ ಖಾತೆ ಇರಲಿ. ಯಜಮಾನನ ಖಾತೆ ಒಂದು ಬೇರೆ ಇರಲಿ. ಅದರ ಗುಪ್ತಪದ ಪರವೂರಿನ ಮಗನ ತಲೆಯಲ್ಲಿ ಮಾತ್ರ ಇರಬಾರದು. ಒಂದು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಜಾಗದ ದಾಖಲೆಪತ್ರಗಳ ಜತೆ ಕಪಾಟಿನಲ್ಲಿಡಿ. ಯಂತ್ರದ ಪಕ್ಕದಲ್ಲಿ ಅಂಟಿಸಬೇಡಿ. ಪರದೆ ಮಬ್ಬಾಗಿ ಪ್ರಶ್ನೆ ಬಂದಾಗ ಓದದೆ ‘ಹೌದು’ ಎನ್ನಬೇಡಿ. ನೀವಾಗಿ ಏನನ್ನೂ ಮಾಡದಿದ್ದಾಗ ಆ ಪ್ರಶ್ನೆ ಬಂದರೆ ಉತ್ತರ ‘ಇಲ್ಲ’ ಎಂದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಹಳೆಯ ಗುತ್ತಿನ ಮನೆಯಲ್ಲಿ ಪತ್ತಾಯದ ಕೀಲಿಕೈ ಯಾರ ಬಳಿ ಇದೆಯೆಂದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಯಾವಾಗ ಕೇಳಬೇಕು, ಯಾವಾಗ ಕೇಳಬಾರದು ಎಂಬುದೂ ಗೊತ್ತಿರುತ್ತಿತ್ತು. ಚಾವಡಿಯ ಮೂಲೆಯ ಈ ಹೊಸ ಪತ್ತಾಯಕ್ಕೂ ಅಷ್ಟು ತಿಳಿವಳಿಕೆ ಸಾಕು. ಬರುವ ಚೌತಿಗೆ ಮಗ ಊರಿಗೆ ಬಂದಾಗ, ಊಟವಾದ ಮೇಲೆ ತಂದೆ ಮಗ ಇಬ್ಬರೂ ಆ ಮೇಜಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಲಿ. ಯಾವುದು ಬೇಕು, ಯಾವುದು ಬೇಡ ಎಂದು ಒಟ್ಟಿಗೆ ನೋಡಲಿ. ತೆಗೆಯುವುದನ್ನು ತೆಗೆದು, ಉಳಿಸುವುದನ್ನು ಉಳಿಸಿ, ಲಕೋಟೆಯನ್ನು ಕಪಾಟಿನಲ್ಲಿಟ್ಟು ಮಗ ಬಸ್ಸು ಹತ್ತಲಿ.